ಮೇಷ್ಟ್ರ ಕೈಗುಣ

“ಒಂದು ಗಿಡಕ್ಕೆ ನೀರು ಹಾಕೋದು ಬ್ರಹ್ಮವಿದ್ಯೆ ಏನೇ? ಇಡೀ ಶಾಲೆಯನ್ನೇ ಸಾಕಿದವನು ನಾನು!” ಎಂದು ನಿವೃತ್ತ ಹೆಡ್‌ಮೇಷ್ಟ್ರು ಎದೆ ತಟ್ಟಿಕೊಂಡರು. ಕಾಲು ಮುರಿದುಕೊಂಡ ತಂಗಿಯ ಆರೈಕೆಗೆ ಹೊರಟಿದ್ದ ಹೆಂಡತಿ ಕಿಟಕಿಯ ಕುಂಡವನ್ನೊಮ್ಮೆ ನೋಡಿದರು, ಗಂಡನನ್ನೊಮ್ಮೆ ನೋಡಿದರು, ನಿಟ್ಟುಸಿರು ಬಿಟ್ಟು ಬಸ್ಸು ಹತ್ತಿದರು.

ಬೀದಿಯವರು ಆಕೆಯನ್ನು ಕರೆಯುವುದೇ ಕಸೂತಿಯಮ್ಮ ಎಂದು. ಎರಡು ಜಡೆಯ ವಯಸ್ಸಿನಲ್ಲಿ ಹಿಡಿದ ಸೂಜಿಯನ್ನು ಇನ್ನೂ ಕೆಳಗಿಟ್ಟಿಲ್ಲ. ಆ ಸೂಜಿಗೊಂದು ವ್ರತ: ಪುಸ್ತಕ ನೋಡಿ ಹೂವು ಹಾಕುವಂತಿಲ್ಲ. ಗಿಡದಲ್ಲಿ ಅರಳಿದ್ದನ್ನು ಕಣ್ಣಾರೆ ಕಂಡು, ಕಾಗದದ ಮೇಲೆ ಚಿತ್ರ ಬರೆದುಕೊಂಡು, ಆಮೇಲೆ ಬಟ್ಟೆಗೆ. ಮುಟ್ಟುವಂತೆಯೂ ಇಲ್ಲ, ಮುಟ್ಟಿದರೆ ಹೂವಿನ ಭಂಗಿ ಕೆಡುತ್ತದಂತೆ. ಊರಿನ ಈ ಸಲದ ಕಸೂತಿ ಪ್ರದರ್ಶನದಲ್ಲಿ ಎಲ್ಲರ ಕಣ್ಣು ಮೊದಲು ಬೀಳುವ ನಡುಗೋಡೆಯೇ ಆಕೆಯ ಪಾಲಿಗೆ ಬಂದಿತ್ತು. ಅದಕ್ಕೆಂದೇ ಹೆಸರು ಗೊತ್ತಿಲ್ಲದ, ಹೂವು ಹೇಗಿರುತ್ತದೆಂದೂ ಗೊತ್ತಿಲ್ಲದ ಬೀಜವೊಂದನ್ನು ಬೆಳೆಸಿದ್ದರು. ಈಗಷ್ಟೇ ನೇರಳೆ ಮೊಗ್ಗು ಇಣುಕಿತ್ತು.

ಮೇಷ್ಟ್ರು ನೀರು ಹಾಕಿದರು. ಮಕ್ಕಳಿಗೆ ಮಗ್ಗಿ ಉರು ಹೊಡೆಸಿದ ಶ್ರದ್ಧೆಯಿಂದ ನೆನಪಾದಾಗಲೆಲ್ಲ ಹಾಕಿದರು. ಬೇರು ಕೊಳೆತು ಗಿಡ ಮಗುಚಿಕೊಂಡಿತು. ಹೆಂಡತಿ ಬರುವ ದಿನ ಮೇಷ್ಟ್ರು ಬಸ್ ನಿಲ್ದಾಣದ ಹತ್ತಿರದ ಅಂಗಡಿಯಿಂದ ಅಂಥದೇ ಎಲೆಯ, ನೇರಳೆ ಹೂವಿನ ಪ್ಲಾಸ್ಟಿಕ್ ಗಿಡ ತಂದು ಕುಂಡದಲ್ಲಿ ನೆಟ್ಟರು. ಮೋಸ ಮಾಡಲಿಕ್ಕಲ್ಲ. ಬಂದೊಡನೆ ಖಾಲಿ ಕುಂಡ ಕಣ್ಣಿಗೆ ಬೀಳದಿರಲಿ, ಕಾಫಿ ಕುಡಿದಾದ ಮೇಲೆ ನಿಧಾನವಾಗಿ ಹೇಳಿದರಾಯಿತು ಎಂದು.

ಆಕೆ ಕಾಫಿಗೆ ಕಾಯಲಿಲ್ಲ. ಚಪ್ಪಲಿಯನ್ನೂ ಬಿಡದೆ ಕಿಟಕಿಯ ಮುಂದೆ ನಿಂತು ಕಣ್ಣೊರೆಸಿಕೊಂಡರು.

“ರೀ, ಅರಳಿಬಿಟ್ಟಿದೆ. ನಿಮ್ಮ ಕೈಗುಣ ದೊಡ್ಡದು ಕಣ್ರೀ.”

ಮದುವೆಯಾದಂದಿನಿಂದ ಮೇಷ್ಟ್ರಿಗೆ ಸಿಕ್ಕ ಮೊದಲ ಹೊಗಳಿಕೆ ಅದು! ನಿಜವನ್ನು ನಾಳೆಗೆ ಮುಂದೂಡಿ ಕಾಫಿ ಬೆರೆಸಲು ಹೋದರು.

ಅಲ್ಲಿಂದ ಶುರುವಾಯಿತು ಪೀಕಲಾಟ. ಕಸೂತಿಯಮ್ಮ ಕನ್ನಡಕ ಏರಿಸಿ, ಕುಂಡದಿಂದ ಒಂದು ಮಾರು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಹೂವು ಬಾಡದಿರುವುದನ್ನು ಕಂಡು ಎಂಥ ಗಟ್ಟಿ ಜೀವ ಎಂದು ಬೆರಗಾದರು. ಕಾಂಡದ ಮೇಲೆ ನೆಟ್ಟಗೆ ಹೋಗಿದ್ದ ಸಣ್ಣ ಗೆರೆಯನ್ನು ಕಂಡು, ಪ್ರಕೃತಿ ಸ್ಕೇಲ್ ಇಟ್ಟು ಎಳೆದ ಹಾಗಿದೆ ಎಂದು ತಿಳಿಹಸಿರು ದಾರದಲ್ಲಿ ಅದನ್ನೂ ಮೂಡಿಸಿದರು. ಮೇಷ್ಟ್ರು ಆಕೆಯ ಕಣ್ಣೆದುರೇ ಪ್ಲಾಸ್ಟಿಕ್ಕಿಗೆ ದಿನವೂ ನೀರು ಹನಿಸಿದರು. ಅವರ ಕೈಗುಣದ ಕೀರ್ತಿ ಬೀದಿಗೆಲ್ಲ ಹಬ್ಬಿತು. ಪಕ್ಕದ ಮನೆಯ ದರ್ಜಿ ತನ್ನ ಬಾಡಿದ ಗುಲಾಬಿಯನ್ನು ಚಿಕಿತ್ಸೆಗೆ ತಂದಿಟ್ಟ. ಮೇಷ್ಟ್ರು ಅದಕ್ಕೂ ಸದ್ಗತಿ ಕಾಣಿಸಿದರು.

ಪ್ರದರ್ಶನದಲ್ಲಿ ಜನ ನಡುಗೋಡೆಗೆ ಮುಗಿಬಿದ್ದರು. ಹೂವು ಉಸಿರಾಡುತ್ತಿದೆ ಎಂದರು ಕೆಲವರು. ಆದರೆ ಇದು ಯಾವ ಹೂವು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಕೊನೆಗೆ ಗುಂಪಿನೊಳಗಿಂದ ಒಬ್ಬ ಮುಂದೆ ಬಂದ. ಅವನನ್ನು ಕಂಡದ್ದೇ ಮೇಷ್ಟ್ರು ಕಂಬದ ಮರೆಗೆ ಸರಿದರು. ಅವನು ಬಸ್ ನಿಲ್ದಾಣದ ಅಂಗಡಿಯವನು.

“ಅಬ್ಬಬ್ಬ, ಕಾಂಡದ ಮೇಲಿನ ಅಚ್ಚಿನ ಗೆರೆನೂ ಬಿಟ್ಟಿಲ್ಲವಲ್ಲಮ್ಮ! ಇದು ನಮ್ಮ ಅಂಗಡಿ ಪ್ಲಾಸ್ಟಿಕ್ ಮಾಲೇ. ಮೇಷ್ಟ್ರು ತಗೊಂಡು ಹೋದ್ರಲ್ಲ, ತೊಳೆದ್ರೂ ಬಣ್ಣ ಹೋಗಲ್ಲ ಅಂತ ಗ್ಯಾರಂಟಿ ಕೊಟ್ಟಿದ್ದೆ.”

ಕಸೂತಿಯಮ್ಮನ ವ್ರತ ಕೆಟ್ಟಿತ್ತು, ಅದೂ ಊರಿನ ಎದುರು. ಮನೆಗೆ ಬಂದ ಮೇಲೆ ಮೇಷ್ಟ್ರಿಗೆ ಅನ್ನ ಸೇರಲಿಲ್ಲ, ನಾಚಿಕೆಯಿಂದ ಕುಗ್ಗಿಹೋದರು. ಆಕೆ ಮಾತ್ರ ಮೂಲೆಯಲ್ಲಿ ಕೂತು ಏನನ್ನೋ ಹೊಲಿಯುತ್ತಲೇ ಇದ್ದರು.

ಒಂದು ಚಳಿಯ ಬೆಳಿಗ್ಗೆ, ವಾಕಿಂಗ್‌ಗೆ ಹೊರಟ ಗಂಡನ ಕೈಗೆ ಅವರ ಉಣ್ಣೆಯ ಟೋಪಿ ಕೊಟ್ಟರು. ಎರಡು ಕಿವಿಗೂ ಒಂದೊಂದು ನೇರಳೆ ಹೂವು, ಅಚ್ಚಿನ ಗೆರೆ ಸಮೇತ!

“ಜೀವಮಾನವೆಲ್ಲ ಬಟ್ಟೆ ಮೇಲೆ ಹೂವಿಟ್ಟೆ, ಒಂದು ಎಸಳೂ ಕಣ್ಣು ತಪ್ಪಲಿಲ್ಲ. ನನ್ನ ಕಿವಿ ಮೇಲಿಟ್ಟಿದ್ದು ಮಾತ್ರ ಕಾಣಲೇ ಇಲ್ಲ ನೋಡಿ. ತಗೊಳ್ಳಿ, ನನಗೆ ಹಾಕಿದ ಟೋಪಿ ಈಗ ನೀವು ಹಾಕ್ಕೊಳ್ಳಿ.”

ಮೇಷ್ಟ್ರು ತೆಪ್ಪಗೆ ಹಾಕಿಕೊಂಡು ಹೊರಟರು. ಗೇಟು ದಾಟುವಾಗ ಹಿಂದಿನಿಂದ ದನಿ ಬಂತು.

“ಹುಷಾರು, ಅದಕ್ಕೂ ನೀರು ಹಾಕಿಬಿಟ್ಟೀರಿ!”