ಅತ್ತೆಯವರ ಮೂಗಿಗೆ, ನಾಯಿಮರಿಯ ವಿಷಯವಾಗಿ

ಮಾನ್ಯ ಮೂಗಿನವರೇ,

ಮಾಸ್ತಿಯ ಭಾರತಮ್ಮನವರ ಸೊಸೆ ಸುನಂದ ಮಾಡುವ ಅನಂತ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ಅತ್ತ ತಮ್ಮ ಉಭಯ ಹೊಳ್ಳೆಗಳೂ ಕುಶಲವೆಂದು ಭಾವಿಸುವುದು ಪತ್ರಧರ್ಮವಾದರೂ, ನಾವಿಬ್ಬರೂ ಒಂದೇ ಸೂರಿನ ಕೆಳಗಿರುವುದರಿಂದ ಹಾಗಿಲ್ಲವೆಂಬುದು ನನಗೆ ಹಗಲೂ ರಾತ್ರಿ ಕೇಳಿಸುತ್ತಿದೆ.

ತಮ್ಮ ಘನತೆಯ ಬಗ್ಗೆ ಎರಡು ಮಾತಿಲ್ಲ. ಮನೆಯ ಒಡವೆಗಳಲ್ಲೆಲ್ಲ ಚೆಂದದ ಏಳು ಕಲ್ಲಿನ ಮೂಗುಬೊಟ್ಟು ಇರುವುದು ತಮ್ಮ ಮೇಲೆಯೇ. ಹಾಲು ಒಡೆಯುವುದನ್ನು ಹಾಲಿಗಿಂತ ಮೊದಲು ಅರಿಯುವವರು ತಾವು. ನಾನು ಒಗ್ಗರಣೆಗೆ ಬೆಳ್ಳುಳ್ಳಿ ಮರೆತದ್ದನ್ನು ಹಿತ್ತಿಲಿನಿಂದಲೇ ಪತ್ತೆ ಹಚ್ಚಿ, ಸೂಕ್ತ ಕ್ರಮಕ್ಕಾಗಿ ಅತ್ತೆಯವರ ಬಾಯಿಗೆ ವರದಿ ಒಪ್ಪಿಸುವವರೂ ತಾವೇ. ಮನೆಯ ಯಾವ ವಿಷಯದಲ್ಲಿ ತಾವು ತೂರಿಲ್ಲ ಹೇಳಿ. ಅದಕ್ಕೆಲ್ಲ ನಾನು ಎಂದೂ ತಕರಾರು ಎತ್ತಿದವಳಲ್ಲ.

ನನ್ನ ದೂರು ನಾಯಿಮರಿಯದು. ಪಕ್ಕದ ಮನೆಯ ಅಂಜಮ್ಮನವರ ನಾಯಿ ಮರಿ ಹಾಕಿ, ಉಳಿದವೆಲ್ಲ ಹಂಚಿಹೋಗಿ, ಕಂದು ಬಣ್ಣದ್ದೊಂದು ಮಿಕ್ಕಿದೆ. ನಾವು ತಂದುಕೊಂಡರೆ ಸರಿ, ಇಲ್ಲವಾದರೆ ಅಂಜಮ್ಮನವರೇ ಇಟ್ಟುಕೊಳ್ಳುತ್ತಾರಂತೆ. ಭಾನುವಾರದೊಳಗೆ ಉತ್ತರ ಹೇಳಬೇಕು. ಅದು ಬೇಕೇ ಬೇಕೆಂದು ಹಟ ಹಿಡಿದಿರುವವರು ಮಕ್ಕಳಲ್ಲ, ತಮ್ಮ ಯಜಮಾನಿಯೇ. ನಾಯಿ ಹೊಸಿಲು ಮುಟ್ಟಿದರೆ ಮನೆಯನ್ನೆಲ್ಲ ಸಾರಿಸುತ್ತಿದ್ದ ಅದೇ ಭಾರತಮ್ಮನವರು ಈಗ ಬೇಲಿಯ ಬಳಿ ನಿಂತು ‘ರಾ ನಾ ಬಂಗಾರು’ ಎಂದು ಕರೆಯುತ್ತಾರೆ. ನಮ್ಮತ್ತೆಯ ಬಾಯಲ್ಲಿ ತೆಲುಗು ಬರುವುದು ಎರಡೇ ಸಂದರ್ಭದಲ್ಲಿ, ವಿಪರೀತ ಕೋಪ ಬಂದಾಗ ಮತ್ತು ವಿಪರೀತ ಮುದ್ದು ಬಂದಾಗ. ಮದುವೆಯಾಗಿ ಬಂದ ದಿನದಿಂದ ನನ್ನ ಪಾಲಿಗೆ ದೊರೆತಿರುವುದು ಮೊದಲನೆಯ ತೆಲುಗು ಮಾತ್ರ.

ಇಂಥ ಅಪರೂಪದ ಮುದ್ದಿಗೆ ತಾವೊಬ್ಬರೇ ಅಡ್ಡ. ರಾಗಿ ಒಕ್ಕುವಾಗಿನ ಧೂಳಿಗೆ ತಾವು ಜಗ್ಗಲಿಲ್ಲ. ಮಾಲೂರಿನ ಇಟ್ಟಿಗೆ ಲಾರಿಗಳ ಹಿಂದೆ ಬಸ್ಸಿನ ಕಿಟಕಿಯಲ್ಲಿ ಕೂತು ಹೋದಾಗಲೂ ತಮ್ಮ ತುದಿ ಅಲುಗಲಿಲ್ಲ. ಕೊಟ್ಟಿಗೆಯ ಹಸುಗಳೊಡನೆ ಜನ್ಮವನ್ನೇ ಕಳೆದಿದ್ದೀರಿ. ಅಂಗೈಯಗಲದ ಮರಿಯನ್ನು ಮುಟ್ಟಿ ಬಂದರೆ ಮಾತ್ರ ತಾವು ಕೆಂಪಾಗುತ್ತೀರಿ, ಸೋರುತ್ತೀರಿ, ರಾತ್ರಿಯಾದರೆ ಎದೆಯನ್ನೂ ಎಬ್ಬಿಸಿಕೊಂಡು ಸುಯ್ ಸುಯ್ ಎಂದು ರಾಗ ತೆಗೆಯುತ್ತೀರಿ. ಮಾಲೂರಿನ ಡಾಕ್ಟರು ಇದು ಅಲರ್ಜಿ, ನಾಯಿ ಮನೆಯೊಳಗೆ ಬರಕೂಡದು, ಮುಟ್ಟಿದರೆ ಕೈ ತೊಳೆಯಬೇಕು, ಉಸಿರು ಕಟ್ಟಿದರೆ ಸೇದಿಕೊಳ್ಳಲು ಪಂಪು ಕೈಗೆಟುಕುವಂತಿರಬೇಕು ಎಂದರು. ಊರಿಗೆಲ್ಲ ಮನೆಮದ್ದು ಹೇಳುವ ದೊಡ್ಡಮುನಿಯಮ್ಮನವರು ಹೇಳಿದರೆಂದು ನಾನು ಬೆಳಗ್ಗೆ ಎದ್ದು ತಮಗೆ ಬಿಸಿ ತುಪ್ಪವನ್ನೂ ಸವರಿದೆ. ಊರಿನಲ್ಲಿ ಮೂಗಿಗೆ ತುಪ್ಪ ಸವರುವವರು ಬೇಕಾದಷ್ಟಿದ್ದಾರೆ, ನಿಜವಾದ ಹಸುವಿನ ತುಪ್ಪ ಸವರಿದವಳು ನಾನೊಬ್ಬಳೇ. ತಾವು ಅದಕ್ಕೂ ಕರಗಲಿಲ್ಲ.

ಕಳೆದ ವಾರ ನನ್ನ ಯಜಮಾನರಾದ ಉಮೇಶ್ ವೇಮಗಲ್ ಕಾರ್ಖಾನೆಯಿಂದ ಬಂದು ಮುದ್ದೆ ಮುರಿಯುತ್ತ, ‘ಏನಮ್ಮ, ಮರಿ ತರೋದಾ ಬೇಡ್ವಾ, ಒಂದ್ಮಾತು ಹೇಳ್ಬಿಡು’ ಎಂದು ಕೇಳಿದರು. ಅತ್ತೆ ಬಾಯಿ ತೆರೆಯುವ ಮೊದಲೇ ತಾವು ಸೀನಿದಿರಿ. ಒಂಟಿ ಸೀನು ಅಪಶಕುನವೆಂದು ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತು, ಇನ್ನೊಂದಕ್ಕಾಗಿ ತಮ್ಮನ್ನೇ ನೋಡುತ್ತ ಕೂತೆವು. ಅದನ್ನೂ ದಯಪಾಲಿಸಿದಿರಿ. ‘ಜೋಡಿ ಆಯ್ತು ಕಣೋ, ಶುಭ, ತಂದ್ಬಿಡು’ ಎಂದು ಅತ್ತೆ ಹೇಳಿ ಮುಗಿಸುವಷ್ಟರಲ್ಲಿ ಮೂರನೆಯದು ಬಂತು. ಆಮೇಲೆ ತಾವು ನಿಲ್ಲಿಸಲೇ ಇಲ್ಲ. ಸಮವೋ ಬೆಸವೋ ಎಂದು ಎಣಿಸಲು ಹೋದ ನಮ್ಮ ಮಾವ ಶ್ರೀರಾಮಪ್ಪನವರು ಲೆಕ್ಕ ತಪ್ಪಿ, ಸಾರು ಆರಿತೆಂದು ನನ್ನ ಮೇಲೆ ರೇಗಿದರು.

ಮರಿ ಬೇಡವೆಂದೇ ನಾನು ತೀರ್ಮಾನಿಸಿದ್ದೆ. ಅತ್ತೆಯ ಉಸಿರಿನ ಆ ಸದ್ದು ಕೇಳಿದರೆ ನನಗೆ ಹೆದರಿಕೆಯಾಗುತ್ತದೆ, ಮಾನ್ಯರೇ. ನನ್ನನ್ನು ಬಯ್ಯುವುದಕ್ಕಾದರೂ ಅವರು ಗಟ್ಟಿಯಾಗಿರಬೇಕು. ಆದರೆ ಮೊನ್ನೆ ಅವರು ಕಣ್ಣು ಕೆಂಪಗೆ ಮಾಡಿಕೊಂಡು ಒಳಗೆ ಬಂದು, ನಾನು ಕೇಳುವ ಮೊದಲೇ ‘ಈರುಳ್ಳಿ ಹೆಚ್ತಿದ್ದೆ ಕಣೇ’ ಎಂದರು. ಮನೆಯಲ್ಲಿ ಅಂದು ಈರುಳ್ಳಿಯೇ ಇರಲಿಲ್ಲ, ಸೆರಗಿನ ತುಂಬ ಕಂದು ಕೂದಲಿತ್ತು. ನಾವು ಬೇಡವೆಂದರೂ ಅವರು ಹೋಗುತ್ತಾರೆ, ಕದ್ದು ಹೋಗುತ್ತಾರೆ, ಕದ್ದು ಹೋಗುವವರು ಪಂಪನ್ನು ಒಯ್ಯುವುದಿಲ್ಲ. ಬೇಲಿಯ ಮರೆಯಲ್ಲಿ ಉಸಿರು ಕಟ್ಟಿದರೆ ನೋಡುವವರು ಯಾರು?

ಆದ್ದರಿಂದ ಭಾನುವಾರ ಮರಿ ನಮ್ಮ ಮನೆಗೆ ಬರುತ್ತದೆ. ಕೊಟ್ಟಿಗೆಯ ಆಚೆ ಮೂಲೆಯಲ್ಲಿ ಅದರ ವಾಸ, ಸ್ನಾನ ಮಾಡಿಸುವ ಕೆಲಸ ನನ್ನದು, ಅತ್ತೆ ಮಾತಾಡಿಸುವಾಗ ನಾನು ಪಕ್ಕದಲ್ಲಿರುತ್ತೇನೆ. ತಮ್ಮಲ್ಲಿ ಬೇಡುವುದಿಷ್ಟೇ, ಇನ್ನು ಕೆಲವು ವರ್ಷ ತಾವು ವೇತನಸಹಿತ ದೀರ್ಘ ರಜೆಯ ಮೇಲೆ ತೆರಳಬೇಕು. ಅದಾಗದಿದ್ದರೆ ನನ್ನ ಮೂಗಿನೊಡನೆ ಪರಸ್ಪರ ವರ್ಗಾವಣೆಗೆ ಒಪ್ಪಿಗೆ ಕೊಡಿ. ನನ್ನದು ಮೊಂಡು ಮೂಗು, ಒಲೆಯ ಮೇಲೆ ಸಾರು ಸೀದರೂ ತಿಳಿಯದು, ಆದರೆ ಹತ್ತು ನಾಯಿ ಸಾಕಿದರೂ ಜಗ್ಗದು. ಅತ್ತೆಯವರು ಅದನ್ನಿಟ್ಟುಕೊಂಡು ಸುಖವಾಗಿರಲಿ. ಸೀನುವುದೆಲ್ಲ ನಾನೇ ಸೀನಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಸುನಂದ

ತಾ.ಕ.: ಇದರ ಪ್ರತಿಯನ್ನು ಅತ್ತೆಯವರ ಕಿವಿಗಳಿಗೆ ಕಳುಹಿಸಿಲ್ಲ. ನಾನು ಎದುರು ನಿಂತು ಕೂಗಿದರೂ ಕೇಳದ ಆ ಮಹನೀಯರು, ಬೇಲಿಯಾಚೆ ಮರಿ ಕುಂಯ್ ಎಂದದ್ದನ್ನು ಈಗಷ್ಟೇ ಕೇಳಿಸಿಕೊಂಡರು. ಅತ್ತೆ ಚಪ್ಪಲಿಯನ್ನೂ ಮೆಟ್ಟದೆ ಹೋದರು. ಪಂಪು ಇಲ್ಲೇ ಇದೆ, ಎತ್ತಿಕೊಂಡು ಓಡುತ್ತಿದ್ದೇನೆ. ತಮಗೆ ಮರ್ಯಾದೆಯೆಂಬುದಿದ್ದರೆ ನಾನು ತಲುಪುವವರೆಗಾದರೂ ಸುಮ್ಮನಿರಿ.