ಗಾಳಿ ಅಳೆಯುವ ಪೆಟ್ಟಿಗೆಗೆ ಮಾಡಿದ ಉಪಚಾರ

ಈ ಸಂಗತಿಯನ್ನು ಹೇಳಿಬಿಡಬೇಕೆಂದು ಮೂರು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಮೊದಲ ವರ್ಷ ಬೆಳ್ಳುಳ್ಳಿ ಕೀಳುವ ಕೆಲಸವಿತ್ತು. ಎರಡನೆಯ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡೆ. ಸ್ವಲ್ಪ ದಿನ ಬಗ್ಗಿ ಬರೆಯಬೇಡಿ ಎಂದು ಡಾಕ್ಟರು ಹೇಳಿದ್ದರು. ಆ ಮಾತನ್ನು ಅವರು ಹೇಳಿದ್ದಕ್ಕಿಂತ ಹತ್ತು ತಿಂಗಳು ಹೆಚ್ಚಾಗಿಯೇ ಪಾಲಿಸಿದೆ. ಈ ವರ್ಷ ಹೇಳಿಕೊಳ್ಳುವಂಥ ನೆಪ ಯಾವುದೂ ಸಿಗಲಿಲ್ಲ. ತಪ್ಪು ಒಪ್ಪಿಕೊಳ್ಳುವುದಕ್ಕೂ ಹಲ್ಲು ಕೀಳಿಸುವುದಕ್ಕೂ ನಾಳೆಯೇ ಒಳ್ಳೆಯ ದಿನವೆಂದು ನಂಬಿ ಬದುಕಿದವನು ನಾನು. ಹಲ್ಲುಗಳು ಕಾದು ಕಾದು ತಾವಾಗಿಯೇ ಬಿದ್ದುಹೋದವು. ತಪ್ಪು ಬೀಳಲಿಲ್ಲ.

ದೊಡ್ಡಗಾಜನೂರಿನ ನಮ್ಮ ಬೀದಿಯಲ್ಲಿ ವಿಜ್ಞಾನ ನನ್ನ ಪಾಲಿಗೆ ಬಂದಿದೆ. ಯಾರೂ ಕೊಟ್ಟದ್ದಲ್ಲ. ಹತ್ತನೆಯ ತರಗತಿ ಪಾಸಾದವನೆಂಬ ಒಂದು ಕಾರಣದಿಂದ ನಾನೇ ತೆಗೆದುಕೊಂಡದ್ದು. ನಮ್ಮೂರು ಗಡಿಯಾಚೆ ತಮಿಳುನಾಡಿಗೆ ಸೇರಿದ್ದು; ಚಾಮರಾಜನಗರದ ಕಡೆಯಿಂದ ಬರುವ ಬಸ್ಸಿನಲ್ಲಿ ಕನ್ನಡ ಪೇಪರು ನಮಗೆ ಮಧ್ಯಾಹ್ನ ತಲುಪುತ್ತದೆ. ಜಗತ್ತಿನ ಹೊಸ ಸಂಶೋಧನೆಗಳೆಲ್ಲ ನಮ್ಮೂರಿಗೆ ಊಟವಾದ ಮೇಲೆ ಬರುತ್ತವೆ ಎಂದು ಇದರ ಅರ್ಥ. ಆಗ ನಾನು ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದುತ್ತೇನೆ. ಕೇಳುವವರು ಒಬ್ಬರೇ, ಪಕ್ಕದ ಮನೆಯ ನಮ್ಮ ಅತ್ತಿಗೆ. ತೀರಿಹೋದ ನಮ್ಮಣ್ಣನ ಹೆಂಡತಿ. ಅವರಿಗೆ ಓದಲು ಬಾರದು. ಮೊರದಲ್ಲಿ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತ ಕೇಳುತ್ತಾರೆ. ಕಲ್ಲು ಆರಿಸುವ ಅಭ್ಯಾಸ ಹುರುಳಿಗೇ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ತಿನ್ನುವ ಹುಳುವೊಂದನ್ನು ವಿಜ್ಞಾನಿಗಳು ಕಂಡುಕೊಂಡಿದ್ದಾರೆ ಎಂದು ನಾನು ಒಮ್ಮೆ ಓದಿದೆ. ಅವರು ಕೇಳಿದರು: "ಅದ ತಿಂದ್ರೆ ಆ ಉಳದ ಒಟ್ಟೆ ಗತಿ ಏನು ಸಿದ್ದಪ್ಪ?" ಅದು ಮುಂದಿನ ವಾರದ ಪೇಪರಿನಲ್ಲಿ ಬರುತ್ತದೆ ಎಂದೆ. ಬರಲಿಲ್ಲ. ಇನ್ನೊಮ್ಮೆ, ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಚೂರುಗಳು ಮನುಷ್ಯರ ರಕ್ತದಲ್ಲೂ ಸಿಕ್ಕಿವೆ ಎಂದು ಓದಿದೆ. ಅತ್ತಿಗೆ ಮೊರ ಕೆಳಗಿಟ್ಟರು. "ಅಂಗಾರೆ ನನ್ನ ಮೈಯೊಳ್ಗೂ ಆಲಿನ ಕವರು ಅದೆ ಅನ್ನು."

ಮಾರನೆಯ ದಿನದಿಂದ ಅವರು ಹಾಲಿನ ಕವರುಗಳನ್ನು ತೊಳೆದು, ಬಟ್ಟೆ ಒಣಗಿಸುವ ತಂತಿಗೆ ಸಾಲಾಗಿ ಸಿಕ್ಕಿಸತೊಡಗಿದರು. ಒಣಗಿದ ಮೇಲೆ ಮಡಚಿ, ಗಂಟು ಕಟ್ಟಿ, ತಾಳವಾಡಿಯಿಂದ ಬರುವ ಗುಜರಿ ಗಾಡಿಗೆ ಕೊಡುವುದು. ಅದು ಮತ್ತೆ ಕೊಡವೋ ಪೈಪೋ ಆಗುತ್ತದೆಂದು ನಾನೇ ಓದಿ ಹೇಳಿದ್ದೆ. ಗೋಡೆಯ ಈಚೆಯಿಂದ ನಾನು, "ಏನತ್ತಿಗೆಮ್ಮ, ರೇಸ್ಮೆ ಸೀರೆ ಒಣಗಾಕಿದ್ದೀರಾ?" ಎಂದು ಹಾಸ್ಯ ಮಾಡುತ್ತಿದ್ದೆ. "ನೀನು ಓದ್ದೆ, ನಾನು ಮಾಡ್ದೆ. ಒಬ್ಬೊಬ್ರುಗೆ ಒಂದೊಂದು ಕೆಲ್ಸ ಕಣಪ್ಪ" ಎನ್ನುತ್ತಿದ್ದರು. ಇದರಲ್ಲಿ ಕೊಂಕು ಇದೆಯೆಂದು ನನಗೆ ಆಗ ಹೊಳೆಯಲಿಲ್ಲ. ನಾನು ಓದುವುದರಲ್ಲಿ ಮುಳುಗಿದ್ದೆ.

ನಮ್ಮ ಮನೆಯ ಕವರುಗಳು ಎಲ್ಲಿಗೆ ಹೋಗುತ್ತಿದ್ದವು ಎಂದು ಈಗ ಹೇಳಬೇಕು. ನೀರೊಲೆಗೆ. ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ಸಿಗುವುದು ನಿಂತ ಮೇಲೆ ಹಂಡೆಯ ಕೆಳಗೆ ಬೆಂಕಿ ಹತ್ತಿಸುವುದು ದೊಡ್ಡ ತಪಸ್ಸಾಗಿತ್ತು. ಹಸಿ ಸೌದೆ, ಊದಿ ಊದಿ ಕಣ್ಣಲ್ಲಿ ನೀರು. ಒಂದು ದಿನ ಹೊಲದಿಂದ ತಂದ ಹಳೆಯ ಡ್ರಿಪ್ ಪೈಪಿನ ತುಂಡನ್ನು ಇಟ್ಟು ನೋಡಿದೆ. ದೀಪದ ಬತ್ತಿಯಂತೆ ಉರಿಯಿತು. ಸಂಶೋಧನೆ ಎಂದರೆ ಇದೇ ಎಂದುಕೊಂಡೆ. ಅಲ್ಲಿಂದ ಮುಂದೆ ಪೈಪಿನ ತುಂಡು, ಹಾಲಿನ ಕವರು, ಗೊಬ್ಬರದ ಚೀಲ, ಯಾವುದನ್ನೂ ನಾನು ವ್ಯರ್ಥ ಮಾಡಲಿಲ್ಲ. ಬಚ್ಚಲಿನ ಹೊಗೆ ಹೋಗಲು ಗೋಡೆಯಲ್ಲಿ ಒಂದು ಕಿಂಡಿ ಇದೆ. ಅದು ಅತ್ತಿಗೆಯ ಅಡುಗೆಮನೆಯ ಕಿಟಕಿಗೆ ಎದುರಾಗಿದೆ. ನಾನೂ ಅಣ್ಣನೂ ಪಾಲಾದಾಗ ಒಂದೇ ಮನೆಯ ನಡುವೆ, ಅಂಗಳದ ತನಕ ಗೋಡೆ ಎಬ್ಬಿಸಿದೆವು. ಹಿತ್ತಿಲು, ಅಟ್ಟ, ಒರಳುಕಲ್ಲು, ಎಲ್ಲಕ್ಕೂ ಪಾಲು ಬರೆದ ಪಂಚಾಯಿತಿಯ ಹಿರಿಯರು ಗಾಳಿಯ ವಿಷಯ ಮರೆತಿದ್ದರು.

ಅತ್ತಿಗೆಗೆ ಕೆಮ್ಮು ಶುರುವಾಯಿತು. ಬೆಳಗ್ಗೆ ಶುರುವಾದರೆ ಹೊತ್ತು ಏರುವ ತನಕ ಬಿಡುತ್ತಿರಲಿಲ್ಲ. "ನಿಮ್ಮ ಬಚ್ಚಲ ಕಡಿಂದ ಅದ್ಯಾತರದೋ ಗಾಟು ಬತ್ತದೆ ಕಣ ಸಿದ್ದಪ್ಪ" ಎಂದು ಒಮ್ಮೆ ಹೇಳಿದರು. ಅದು ನಿಮ್ಮ ನಸ್ಯದ ಘಾಟು ಎಂದೆ. ಅವರು ಪಾಪ ನಸ್ಯ ಬಿಟ್ಟರು. ಕೆಮ್ಮು ಬಿಡಲಿಲ್ಲ. ಹಾಗಾದರೆ ಬಾಳೆಹಣ್ಣು ತಿನ್ನಬೇಡಿ ಎಂದೆ. ಬಾಳೆಹಣ್ಣನ್ನೂ ಬಿಟ್ಟರು. ವಿಜ್ಞಾನ ನನ್ನ ಕೈಯಲ್ಲಿದ್ದುದರಿಂದ ಅವರು ಒಂದೊಂದಾಗಿ ಎಲ್ಲ ಸುಖವನ್ನೂ ಬಿಡುತ್ತ ಬಂದರು.

ಕೊನೆಗೆ ಊರಿನ ನರ್ಸಮ್ಮ ಈ ಕೆಮ್ಮಿನ ವಿಷಯವನ್ನು ಯಾರಿಗೋ ಹೇಳಿ, ಕೊಯಮತ್ತೂರಿನ ಕಡೆಯ ಕಾಲೇಜಿನಿಂದ ಸಂಶೋಧನೆ ಮಾಡುವ ಹೆಣ್ಣುಮಗಳೊಬ್ಬಳು ಬಂದಳು. ಬೆಟ್ಟದ ಊರುಗಳ ಗಾಳಿ ಪರೀಕ್ಷೆ ಅವಳ ಕೆಲಸ. ಒಂದು ಬಿಳಿ ಪೆಟ್ಟಿಗೆಯನ್ನು ಅಂಗಳದ ನಡುಗೋಡೆಯ ಮೇಲೆ, ಅತ್ತಿಗೆಯ ಒಲೆಯ ಹೊಗೆ ತಾಗದಂತೆ ನಮ್ಮ ಕಡೆಗೆ ಕೂರಿಸಿದಳು. ಅದು ಗಾಳಿಯನ್ನು ಎಳೆದುಕೊಂಡು ಅದರಲ್ಲಿ ಏನೇನಿದೆ ಎಂದು ಬರೆದಿಟ್ಟುಕೊಳ್ಳುತ್ತದಂತೆ. ಎಂಟು ದಿನ ಇರುತ್ತದೆ ಎಂದಳು. ಹೋಗುವಾಗ ನನಗೆ ಕೈಮುಗಿದು ತಮಿಳಿನಲ್ಲಿ ಹೇಳಿದಳು: "ಅಯ್ಯಾ, ಎಪ್ಪವುಂ ಪೋಲ ಇರುಂಗ." ಯಾವಾಗಲೂ ಇರುವ ಹಾಗೆಯೇ ಇರಿ, ನಮಗಾಗಿ ಏನೂ ಬದಲು ಮಾಡಬೇಡಿ ಎಂದು.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮನೆಗೆ ಬಂದ ನೆಂಟರು, "ಏನೂ ಮಾಡ್ಬ್ಯಾಡಿ, ನೀವು ಉಣ್ಣದ್ನೇ ನಮ್ಗೂ ಇಕ್ಕಿ" ಎಂದರೆ ಒಬ್ಬಟ್ಟಿಗೆ ಬೇಳೆ ನೆನೆಹಾಕಬೇಕು ಎಂದು ಅರ್ಥ. ಹಾಗೆ ಹೇಳುವುದು ಅವರ ದೊಡ್ಡತನ, ಅದನ್ನು ಕೇಳದಿರುವುದು ನಮ್ಮ ಮರ್ಯಾದೆ. ಆ ಮಾತನ್ನು ನಂಬಿ ನಿಜವಾಗಿಯೂ ಹುರುಳಿ ಸಾರು ಬಡಿಸಿದ ಒಂದು ಮನೆಗೆ ಇಂದಿಗೂ ಯಾರೂ ಹೆಣ್ಣು ಕೊಡಲು ಮುಂದಾಗುವುದಿಲ್ಲ. ಆ ಹುಡುಗಿಯ ಮಾತನ್ನೂ ನಾನು ಹಾಗೆಯೇ ತೆಗೆದುಕೊಂಡೆ. ಅಷ್ಟು ದೂರದಿಂದ, ದಿಂಬಂ ಘಾಟಿಯ ಅಷ್ಟೂ ತಿರುವು ಹತ್ತಿ ಬಂದ ಪೆಟ್ಟಿಗೆ ಅದು. ಅದಕ್ಕೆ ನಮ್ಮ ದಿನನಿತ್ಯದ ಹೊಗೆ ಕುಡಿಸುವುದೇ?

ಎಂಟು ದಿನ ನೀರೊಲೆ ಹಚ್ಚಲಿಲ್ಲ; ನಮ್ಮ ಅಡುಗೆ ಹೇಗೂ ಗ್ಯಾಸಿನ ಮೇಲೆ. ಮಾಗಿಯ ಚಳಿಯಲ್ಲಿ ತಣ್ಣೀರು ಸ್ನಾನ. ಒಗ್ಗರಣೆಗೆ ಮೆಣಸಿನಕಾಯಿ ಹಾಕಬೇಡ ಎಂದು ಹೆಂಡತಿಗೆ ಕಟ್ಟಪ್ಪಣೆ ಮಾಡಿದೆ. ಅಂಗಳಕ್ಕೆ ದಿನಕ್ಕೆರಡು ಸಲ ನೀರು ಚಿಮುಕಿಸಿ ಧೂಳು ಕೂರಿಸಿದೆ. ಮೂರನೆಯ ದಿನ ಅವಳು ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಅಲ್ಲಾ ಕಣಿ, ನನ್ ತಾಯಿ ಬಂದಾಗ ಒಂದ್ ದಿನಾನಾರ ಇಂಗೆ ಅಂಗಳ ಗುಡಿಸಿದ್ರಾ ನೀವು? ಪೆಟ್ಟಿಗೆಗೆ ಇಷ್ಟೊಂದು ಉಪಚಾರವಾ?" ಎಂದಳು. ನಿನ್ನ ತಾಯಿ ಹೋದ ಮೇಲೆ ರಿಪೋರ್ಟು ಬರೆಯುತ್ತಿರಲಿಲ್ಲ ಎಂದೆ. ಆದರೂ ಸೋಮವಾರ ಅವಳೇ ಪೆಟ್ಟಿಗೆಯ ಹಣೆಗೆ ಮೂರು ಬೆರಳಿನ ವಿಭೂತಿ ಎಳೆದು, ಸಾಂಬ್ರಾಣಿ ಹೊಗೆ ತೋರಿಸಿ ಬಂದಳು.

ಉಪಚಾರದ ಮಾತು ಅರ್ಧ ಸತ್ಯ. ಇನ್ನರ್ಧವನ್ನು ಹೇಳಲಿಕ್ಕೇ ಕೂತಿದ್ದೇನೆ. ಆ ಪೆಟ್ಟಿಗೆ ಏನು ಹೇಳೀತು ಎಂದು ನನಗೆ ಗೊತ್ತಿತ್ತು. ಹತ್ತನೆಯ ತರಗತಿಯ ಮಟ್ಟಿಗೆ ಚೆನ್ನಾಗಿಯೇ ಗೊತ್ತಿತ್ತು.

ಎಂಟು ದಿನವಾದ ಮೇಲೆ ಹುಡುಗಿ ಬಂದು ಪೆಟ್ಟಿಗೆ ಕೊಂಡುಹೋದಳು. ಮತ್ತೆರಡು ವಾರಕ್ಕೆ ಕಾಗದ ಹಿಡಿದು ಬಂದಳು. ಜಗಲಿಯಲ್ಲಿ ನಾವೆಲ್ಲ ಇದ್ದೆವು. ಅತ್ತಿಗೆ, ಅವರ ಮಗ ಮಾದೇವ, ನನ್ನ ಹೆಂಡತಿ. "ಇಂಗ ಕಾತ್ತು ರೊಂಬ ಸುತ್ತಂ, ಅಯ್ಯಾ" ಎಂದಳು. ಇಲ್ಲಿಯ ಗಾಳಿ ಬಹಳ ಶುದ್ಧವಂತೆ. ಒಂದೇ ಒಂದು ದಿನ ಮಾತ್ರ ಸ್ವಲ್ಪ ಹೊತ್ತು ಹೊಗೆ ಕಂಡಿದೆ, ಸೋಮವಾರ. ಅದು ಯಾತರದು ಎಂದು ಅವಳಿಗೆ ತಿಳಿಯಲಿಲ್ಲ. ನನ್ನ ಹೆಂಡತಿ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು.

ಮಾದೇವ ತರಕಾರಿ ಗಾಡಿ ಓಡಿಸುತ್ತಾನೆ. ತಾಯಿ ಎಂದರೆ ಪ್ರಾಣ. ಆದರೆ ಕಾಗದದಲ್ಲಿ ಬರೆದದ್ದೆಂದರೆ ಅದಕ್ಕಿಂತಲೂ ಒಂದು ತೂಕ ಹೆಚ್ಚು. "ನೋಡವ್ವ, ನೀನು ಚಿಕ್ಕಪ್ಪನ ಮನೆ ಒಗೆ ಅಂತಿದ್ದೆ. ಪೆಟ್ಟಿಗೇನೆ ಯೇಳ್ಬುಡ್ತು" ಎಂದ. ಅತ್ತಿಗೆ ನನ್ನ ಕಡೆ ತಿರುಗಿದರು. "ತಪ್ಪಾಯ್ತು ಕಣ ಸಿದ್ದಪ್ಪ. ಸುಮ್ಸುಮ್ನೆ ನಿನ್ ಮೇಲೆ ಅಂದ್ಬುಟ್ಟೆ" ಎಂದರು. ಪರವಾಗಿಲ್ಲ ಬಿಡಿ ಅತ್ತಿಗೆ, ಎಂದು ಅವರನ್ನು ಕ್ಷಮಿಸಿದೆ. ಈ ವಾಕ್ಯವನ್ನು ಬರೆಯಲಿಕ್ಕೆ ನನಗೆ ಮೂರು ವರ್ಷ ಬೇಕಾಯಿತು.

ಅತ್ತಿಗೆಯೂ ಮಾದೇವನೂ ಘಾಟಿ ಇಳಿದು ಡಾಕ್ಟರ ಬಳಿಗೆ ಹೋದರು. ಡಾಕ್ಟರು ಕಾಗದ ನೋಡಿದರು. ಹೊರಗಿನ ಗಾಳಿ ಸರಿಯಿದ್ದರೆ ಕಾರಣ ಒಳಗೇ ಇರಬೇಕು, ಸೌದೆ ಒಲೆ ಬಿಡಿಸಿ ಎಂದರು. ಅವರಿಗೆ ಕೊಟ್ಟ ಲೆಕ್ಕಕ್ಕೆ ಉತ್ತರ ಸರಿಯೇ. ಲೆಕ್ಕ ಕೊಟ್ಟವನು ನಾನು. ಅತ್ತಿಗೆಯ ಒಲೆಯೆಂದರೆ ನಮ್ಮಮ್ಮ ಮೆತ್ತಿದ ಜೋಡಿ ಒಲೆ. ಅದರ ಮೇಲೆ ಅವರು ಮಾಡುವ ಹುರುಳಿ ಬಸ್ಸಾರಿಗೆ ಬೀದಿಯವರೆಲ್ಲ ಬಟ್ಟಲು ಹಿಡಿದು ಬರುತ್ತಿದ್ದರು. ಮಾದೇವ ಹಾರೆಯಿಂದ ಒಲೆ ಒಡೆದ. ಮಣ್ಣಿನ ಹೆಂಟೆಗಳನ್ನು ಹಿತ್ತಿಲಿಗೆ ಹೊತ್ತು ಹಾಕಲು ನಾನೂ ಕೈ ಜೋಡಿಸಿದೆ. ಅತ್ತಿಗೆ ಬಾಗಿಲ ಬಳಿ ಕೂತು ನೋಡುತ್ತಿದ್ದರು. ಯಾರಿಗೂ ಅಲ್ಲದ ಹಾಗೆ ಹೇಳಿದರು: "ಈ ಒಗೇನೇ ನಿಮ್ಮಣ್ಣನ್ನೂ ತಿಂತೋ ಏನೋ. ಅವ್ರೂ ಇಂಗೇ ಕೆಮ್ಮಿ ಕೆಮ್ಮಿ ಓದ್ರು. ನಲವತ್ತು ವರ್ಸ ನನ್ ಕೈಯಾರ ನಾನೇ ಉರಿ ಆಕ್ದೆ ಕಣ."

ನನ್ನ ಕೈಯಲ್ಲಿ ಒಂದು ಹೆಂಟೆ ಇತ್ತು. ಅದನ್ನು ಹಿತ್ತಿಲಿಗೆ ತೆಗೆದುಕೊಂಡು ಹೋಗಿ ಹಾಕಿದೆ. ಆಮೇಲೆ ಇನ್ನೊಂದು.

ಮಾರನೆಯ ಬೆಳಗ್ಗೆ ನಾನು ಮತ್ತೆ ಪೈಪಿನ ತುಂಡು ಹಚ್ಚಿ ಬಿಸಿನೀರು ಸ್ನಾನ ಮಾಡಿದೆ ಎಂದರೆ ನೀವು ನಂಬಲಿಕ್ಕಿಲ್ಲ. ಮಾಡಿದೆ. ಮಂಡಿನೋವಿಗೆ ಮನಸ್ಸಾಕ್ಷಿ ಇರುವುದಿಲ್ಲ. ಒಂದು ತಿಂಗಳಿಗೆ ಪೇಪರಿನಲ್ಲಿ ಪ್ಲಾಸ್ಟಿಕ್ ಸುಡುವುದರ ಬಗ್ಗೆ ಒಂದು ಬರಹ ಬಂತು. ಸುಟ್ಟರೆ ವಿಷದ ಹೊಗೆ ಏಳುತ್ತದೆ, ಪಕ್ಕದ ಮನೆಯವರ ಪುಪ್ಪುಸಕ್ಕೂ ಇಳಿಯುತ್ತದೆ ಎಂದು. ಅತ್ತಿಗೆ ಎದುರಿಗೆ ಕೆಮ್ಮುತ್ತ ಕೂತಿದ್ದರು. ತಲೆಬರಹವನ್ನು ಆಗಲೇ ಗಟ್ಟಿಯಾಗಿ ಓದಿಬಿಟ್ಟಿದ್ದೆ. ಮುಂದಿನ ಸಾಲಿಗೆ ಕಣ್ಣು ಹೋಯಿತು, ಬಾಯಿ ಹೋಗಲಿಲ್ಲ. ಪಕ್ಕದ ಕಾಲಮ್ಮಿಗೆ ದಾಟಿ ಕೋಸಿನ ರೇಟು ಓದಿದೆ. "ಅಷ್ಟೇನಾ?" ಎಂದರು ಅತ್ತಿಗೆ. ಅಷ್ಟೇ ಎಂದೆ. "ಚಿಕ್ದಾಗಿ ಬರ್ದವ್ರೆ" ಎಂದರು.

ಅಂದಿನಿಂದ ಪೈಪು, ಕವರು ನಿಲ್ಲಿಸಿದೆ. ಒಣಗಿದ ತೆಂಗಿನ ಗರಿ ಹಚ್ಚಿ, ಊದಿ ಊದಿ ಕಣ್ಣೀರು ಸುರಿಸುತ್ತೇನೆ. ನಾಲ್ಕೈದು ತಿಂಗಳಿಗೆ ಅತ್ತಿಗೆಯ ಕೆಮ್ಮು ಇಳಿಯಿತು. ಮಾದೇವ ಊರಿಗೆಲ್ಲ ಗ್ಯಾಸ್ ಒಲೆಯ ಮಹಿಮೆ ಹೇಳಿಕೊಂಡು ಬಂದ. ಅವನ ಮಾತು ಕೇಳಿ ಇನ್ನೂ ಮೂರು ಮನೆಯವರು ಸೌದೆ ಒಲೆ ಒಡೆದರು. ಅವರ ಮಟ್ಟಿಗೆ ಅದು ಒಳ್ಳೆಯದೇ ಆಯಿತು. ನನ್ನ ತಪ್ಪಿನಿಂದ ಲೋಕಕ್ಕೆ ಉಪಕಾರವಾಗಿದೆ, ಅತ್ತಿಗೆಯೊಬ್ಬರನ್ನು ಬಿಟ್ಟು. ಅವರು ಇವತ್ತಿಗೂ, ಗಂಡನನ್ನು ತಾನೇ ಹೊಗೆ ಹಾಕಿ ಕೊಂದೆನೆಂದು ನಂಬಿಕೊಂಡು, ಗ್ಯಾಸ್ ಒಲೆಯ ಮುಂದೆ ನಿಂತು ಬಸ್ಸಾರು ಮಾಡುತ್ತಾರೆ. ರುಚಿ ಬರುವುದಿಲ್ಲ. ಬೀದಿಯವರು ಈಗ ಬಟ್ಟಲು ತರುವುದಿಲ್ಲ. ನಾನು ಮಾತ್ರ ತಪ್ಪದೆ ಹಿಡಿದುಕೊಂಡು ಹೋಗಿ, ಪೂರ್ತಿ ಕುಡಿದು ಬರುತ್ತೇನೆ. ಹಾಲಿನ ಕವರನ್ನೂ ತೊಳೆದು ನಮ್ಮ ತಂತಿಗೆ ಸಿಕ್ಕಿಸುತ್ತೇನೆ. "ಏನ್ ಸಿದ್ದಪ್ಪ, ರೇಸ್ಮೆ ಸೀರೆಯಾ?" ಎನ್ನುತ್ತಾರೆ ಗೋಡೆಯ ಆಚೆಯಿಂದ.

ಇಷ್ಟನ್ನೂ ಅವರ ಮುಂದೆ ಹೋಗಿ ಹೇಳಬಹುದಿತ್ತು. ಅಂಗಳದ ನಡುಗೋಡೆ ನನ್ನ ಎದೆಮಟ್ಟಕ್ಕಿದೆ, ಅಷ್ಟೇ. ಅದನ್ನು ಬಿಟ್ಟು ಬಸ್ಸಿನಲ್ಲಿ ಪೇಪರಿನವರಿಗೆ ಕಳಿಸುತ್ತಿದ್ದೇನೆ. ಅಚ್ಚಾದರೆ ಅದೇ ಬಸ್ಸಿನಲ್ಲಿ ವಾಪಸು ಬರುತ್ತದೆ, ಊಟವಾದ ಮೇಲೆ. ಅತ್ತಿಗೆ ಮೊರ ಹಿಡಿದು ಬಂದು ಕೂರುತ್ತಾರೆ. ಓದಿ ಹೇಳಬೇಕಾದವನು ನಾನೇ. ಸಾಲು ಬಿಟ್ಟು ಓದುವುದರಲ್ಲಿ ನನ್ನ ಕೈ ಎಷ್ಟು ಪಳಗಿದೆಯೆಂದು ನೀವು ನೋಡಿದ್ದೀರಿ. ಈ ಪುಟದಿಂದ ನೇರವಾಗಿ ಕೋಸಿನ ರೇಟಿಗೆ ಹಾರಿಬಿಟ್ಟೇನು. ಅದಕ್ಕೇ ಒಂದು ಏರ್ಪಾಡು ಮಾಡಿಕೊಂಡಿದ್ದೇನೆ. ಮಹಿಳಾ ಸಂಘದಲ್ಲಿ ರುಜು ಹಾಕಲು ಅತ್ತಿಗೆ ಒಂದೇ ಒಂದು ಪದ ಬರೆಯಲು ಕಲಿತಿದ್ದಾರೆ. ಅದನ್ನು ಮಾತ್ರ ಎಲ್ಲಿ ಕಂಡರೂ ಗುರುತು ಹಿಡಿಯುತ್ತಾರೆ, ಬೆರಳಿಟ್ಟು ಇದ್ಯಾಕೆ ಇಲ್ಲಿ ಎಂದು ಕೇಳದೆ ಬಿಡುವುದಿಲ್ಲ. ಅಣ್ಣನ ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದು ನಮ್ಮಲ್ಲಿ ಇಲ್ಲ. ಈ ಒಂದು ಸಲ ಮನ್ನಿಸಬೇಕು. ಕೊನೆಯ ಸಾಲಿನಲ್ಲಿ, ಬೇರೆ ಯಾವ ಪದವೂ ಅಡ್ಡ ಬರದ ಹಾಗೆ, ಅದನ್ನು ಬರೆದಿಡುತ್ತಿದ್ದೇನೆ.

ಚೆನ್ನಾಜಮ್ಮ.