ವಾಲ್ಟರ್ ಅವರ ಅಣ್ಣ ಮತ್ತು ನಮ್ಮ ಮಾವನ ಷಷ್ಟ್ಯಬ್ದಿ

ಎಂಬತ್ತರ ದಶಕದ ಮಾತು. ಅಮೆರಿಕದ ಸ್ಯಾನ್ ಹೊಸೆಯ ನಮ್ಮ ಬೀದಿಯಲ್ಲಿ ಏಳೆಂಟು ಮನೆಗಳಿಗೆ ಟೀವಿ ಕಾರ್ಯಕ್ರಮವನ್ನು ಟೇಪಿಗೆ ಇಳಿಸುವ ವಿಸಿಆರ್ ಬಂದಿತ್ತು. ಎಲ್ಲದರ ಗಡಿಯಾರವೂ ದಿನವಿಡೀ ಹನ್ನೆರಡು ಗಂಟೆ ಎಂದೇ ಮಿಟುಕುತ್ತಿತ್ತು. ಸರಿಯಾದ ಗಂಟೆ ತೋರಿಸುತ್ತಿದ್ದುದು ನಮ್ಮ ಮನೆಯದೊಂದೇ. ಮ್ಯಾನ್ಯುಯಲ್ಲನ್ನು ಮೊದಲಿಂದ ಕೊನೆಯವರೆಗೆ ಓದಿದ ಏಕೈಕ ಮಹಾಪುರುಷ ನಾನಾಗಿದ್ದೆ!

ಹಾಗಾಗಿಯೇ ಪಕ್ಕದ ಮನೆಯ ವಾಲ್ಟರ್ ನನ್ನನ್ನು ಹುಡುಕಿಕೊಂಡು ಬಂದರು. ಅರವತ್ತು ದಾಟಿದ, ಒಬ್ಬರೇ ವಾಸವಿದ್ದ ಮನುಷ್ಯ. ಭಾನುವಾರ ಸಂಜೆ ಐದರಿಂದ ಆರೂವರೆಯವರೆಗೆ ಟೀವಿಯಲ್ಲಿ ಎರಡನೇ ಮಹಾಯುದ್ಧದ ಹಳೆಯ ಫಿಲ್ಮುಗಳನ್ನು ತೋರಿಸುತ್ತಾರೆ, ಅದರಲ್ಲೆಲ್ಲೋ ನನ್ನ ಅಣ್ಣ ಎಡ್ಡಿ ಇದ್ದಾನೆ ಎಂದರು. ಹಡಗಿನ ಮೇಲೆ ಕೂತು ಆಲೂಗಡ್ಡೆ ಸುಲಿಯುತ್ತಾನಂತೆ, ನಾಲ್ಕೇ ಸೆಕೆಂಡು; ಬೇರೆ ಊರಿನ ಗೆಳೆಯರೊಬ್ಬರು ಅಲ್ಲಿ ಮೊದಲೇ ತೋರಿಸಿದ್ದನ್ನು ನೋಡಿ ಫೋನ್ ಮಾಡಿದ್ದರು. ಆ ಹಡಗು ತಿರುಗಿ ಬರಲಿಲ್ಲ. ಮನೆಯಲ್ಲಿ ಉಳಿದಿರುವುದು ನೆಟ್ಟಗೆ ನಿಂತ ಒಂದು ಫೋಟೋ ಮಾತ್ರ. ಭಾನುವಾರ ಡ್ಯಾನ್‌ವಿಲ್‌ನಲ್ಲಿ ಮಗಳ ಮನೆಯಲ್ಲಿ ಮೊಮ್ಮಗುವಿನ ನಾಮಕರಣ, ತಪ್ಪಿಸುವಂತಿಲ್ಲ. ರೆಕಾರ್ಡು ಮಾಡಿಕೊಡುತ್ತೀಯಾ ಎಂದು ಕೇಳಿದರು.

ನೀರು ಕುಡಿದಷ್ಟು ಸುಲಭ ಎಂದೆ.

ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ ಸೊಪ್ಪು ಬಿಡಿಸುತ್ತಾ ನಾನು ಕನ್ನಡದಲ್ಲಿ ತಿಳಿಸಿದ್ದನ್ನೆಲ್ಲ ಕೇಳಿಸಿಕೊಂಡರು.

"ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ. ಸತ್ತು ಸ್ವರ್ಗ ಸೇರಿದೋನ ಕೆಲಸ. ಆ ಹೊತ್ತಲ್ಲಿ ಶುರು ಮಾಡ್ಬೇಡಿ."

ಅಮೆರಿಕದ ಟೀವಿಯವರು ರಾಹುಕಾಲ ನೋಡಿ ಕಾರ್ಯಕ್ರಮ ಹಾಕುವುದಿಲ್ಲ ಎಂದು ವಿವರಿಸಿದೆ. ಅತ್ತೆ ಸೊಪ್ಪು ಬಿಡಿಸುತ್ತಲೇ ಇದ್ದರು. ಕೊನೆಗೆ ಎಂಜಿನಿಯರಿಗೂ ಪಂಚಾಂಗಕ್ಕೂ ಒಂದು ಒಪ್ಪಂದವಾಯಿತು: ನಾಲ್ಕು ಇಪ್ಪತ್ತಕ್ಕೇ ರೆಕಾರ್ಡಿಂಗು ಆರಂಭಿಸುವುದು. ಟೇಪು ಎರಡು ಗಂಟೆಯದು. ನಿಧಾನದ ಸ್ಪೀಡಿನಲ್ಲಿ ಹಾಕಿದ್ದರೆ ಪೂರಾ ಹಿಡಿಯುತ್ತಿತ್ತು, ಆದರೆ ಚಿತ್ರ ಸ್ವಲ್ಪ ಮಸುಕಾಗುತ್ತದೆ. ವೀರಯೋಧರಿಗೆ ಮಸುಕು ಚಿತ್ರವೇ? ಛೆ! ಕೊನೆಯ ಹತ್ತು ನಿಮಿಷಕ್ಕೆ ಬೇರೆ ಟೇಪು ಹಾಕಿದರಾಯಿತು ಎಂದುಕೊಂಡೆ.

ಆರು ಇಪ್ಪತ್ತಕ್ಕೆ ಮೊದಲ ಟೇಪು ಮುಗಿಯಿತು. ಬೇರೆ ಟೇಪು ಇರಲಿಲ್ಲ.

ಇರಲಿಲ್ಲ ಎಂದರೆ ತಪ್ಪಾದೀತು. ಅತ್ತೆ ಊರಿನಿಂದ ತಂದಿದ್ದ, ನಾವೂ ಹೋಗಿ ಬಂದಿದ್ದ ಮಾವನ ಷಷ್ಟ್ಯಬ್ದಿಯ ಟೇಪು ಇತ್ತು. ಬಂದ ದಿನವೇ ಎಲ್ಲರೂ ಕೂತು ಹಾಕಿ ನೋಡಿದ್ದೆವು. ಕಪ್ಪು ಪಟ್ಟೆಗಳು ಉರುಳಿದವು, ಭೋರ್ ಎಂದು ಸದ್ದು ಬಂತು, ಅಷ್ಟೇ. ಏರ್‌ಪೋರ್ಟಿನ ಎಕ್ಸ್‌ರೇಯಲ್ಲಿ ಎಲ್ಲ ಅಳಿಸಿಹೋಗಿದೆ ಎಂದು ನಾನು ತೀರ್ಪು ಕೊಟ್ಟಿದ್ದೆ. ಅತ್ತೆ ಎರಡು ದಿನ ಸಪ್ಪಗಿದ್ದರು. ಖಾಲಿ ಟೇಪು ತಾನೇ? ಯಾರೂ ಅಳಿಸಬಾರದೆಂದು ಊರಿನ ವೀಡಿಯೋ ಅಂಗಡಿಯವನು ಅದರ ಅಂಚಿನ ಪ್ಲಾಸ್ಟಿಕ್ ಚೂರನ್ನು ಮುರಿದಿದ್ದ. ಆ ತೂತಿಗೆ ಸೆಲ್ಲೋಟೇಪು ಅಂಟಿಸಿದರೆ ಮತ್ತೆ ರೆಕಾರ್ಡು ಆಗುತ್ತದೆ ಎಂದು ಮ್ಯಾನ್ಯುಯಲ್ಲಿನಲ್ಲಿ ಓದಿದ್ದೆ. ಅಂಟಿಸಿದೆ. ವಿದ್ಯೆ ವ್ಯರ್ಥವಾಗುವುದಿಲ್ಲ ನೋಡಿ!

ಮರುದಿನ ಸಂಜೆ ವಾಲ್ಟರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ರಾಹುವಿನ ದಯೆಯಿಂದ ಮೊದಲ ನಲವತ್ತು ನಿಮಿಷ ಗಾಲ್ಫ್ ನೋಡಿದೆವು. ಆಮೇಲೆ ಸೈನಿಕರು ಬಂದರು. ಹಗ್ಗದ ಬಲೆ ಹಿಡಿದು ದೋಣಿಗೆ ಇಳಿಯುವವರು, ಕೆಸರಿನಲ್ಲಿ ಕೂತು ಡಬ್ಬಿಯಿಂದ ತಿನ್ನುವವರು, ಕ್ಯಾಮೆರಾ ಕಂಡು ಹಲ್ಲುಕಿರಿಯುವವರು. ಇಷ್ಟು ಎಳೇ ಮಕ್ಕಳನ್ನ ಕಳಿಸಿದ್ರಾ ಎಂದು ಅತ್ತೆ ಕೇಳಿದರು. ಟೇಪು ಮುಗಿಯಿತು. ಎಡ್ಡಿ ಬರಲೇ ಇಲ್ಲ. ವಾಲ್ಟರ್ ಮುಖ ನೋಡಲು ಧೈರ್ಯವಾಗದೆ ಎರಡನೇ ಟೇಪು ಹಾಕಿದೆ.

ಅದರಲ್ಲಿ ಬಂದ. ಹಡಗಿನ ಮೇಲೆ ಬಕೆಟ್ಟಿನ ಮುಂದೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದವನು ತಲೆಯೆತ್ತಿ, ನಕ್ಕು, ಸಿಪ್ಪೆಯನ್ನು ಕ್ಯಾಮೆರಾದತ್ತ ಎಸೆದ. ನಾಲ್ಕೇ ಸೆಕೆಂಡು.

"ಅವನು ಹೀಗೆ ನಗ್ತಿದ್ದ ಅನ್ನೋದೇ ಮರೆತುಹೋಗಿತ್ತು," ಎಂದರು ವಾಲ್ಟರ್ ಇಂಗ್ಲಿಷಿನಲ್ಲಿ. ಒಂಬತ್ತು ಸಲ ಹಿಂದೆ ತಿರುಗಿಸಿ ತೋರಿಸಿದೆ. ನನ್ನ ಕಣ್ಣೂ ಒದ್ದೆಯಾಯಿತು. ಇಂಗ್ಲಿಷು ಬಾರದ ಅತ್ತೆಯೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಟೇಪು ನಿಮ್ಮದೇ, ತಗೊಂಡು ಹೋಗಿ ಎಂದು ಕರ್ಣನ ಹಾಗೆ ಎರಡನ್ನೂ ಕೊಟ್ಟುಬಿಟ್ಟೆ.

ಅದರ ಮರುದಿನ ಆಫೀಸಿನ ಊಟದ ಹೊತ್ತಿನಲ್ಲಿ ಈ ಸಾಹಸವನ್ನು ವರ್ಣಿಸಿದಾಗ, ಬೆಂಗಳೂರಿನಲ್ಲಿ ಟೀವಿ ರಿಪೇರಿ ಕಲಿತಿದ್ದ ಗೆಳೆಯನೊಬ್ಬ ಚಮಚ ಕೆಳಗಿಟ್ಟ. ಭಾರತದ ಟೇಪಿನ ಪದ್ಧತಿಯೇ ಬೇರೆ, ಇಲ್ಲಿನ ಮೆಷಿನ್ನಿನಲ್ಲಿ ಪಟ್ಟೆ ಪಟ್ಟೆಯಾಗಿಯೇ ಕಾಣುವುದು, ಅದು ಖಾಲಿಯಲ್ಲ ಮಹರಾಯ ಎಂದ. ಗಡಿಯಾರ ಸರಿ ಮಾಡಬಲ್ಲ ಮಹಾಪುರುಷನ ಕಾಲಕೆಳಗಿನ ನೆಲ ಕುಸಿಯಿತು.

ಮನೆಗೆ ಬಂದು ತಪ್ಪೊಪ್ಪಿಕೊಂಡೆ. ನನ್ನ ಹೆಂಡತಿ ವತ್ಸಲಾ ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು.

"ಗಣಪತಿ ಮಾಡಕ್ಕೆ ಹೋಗಿ ಅವರಪ್ಪನ್ನ ಮಾಡಿದ ಹಾಗೆ ಅಂತಾರೆ. ನೀವು ನಮ್ಮಪ್ಪನ್ನೇ ಅಳಿಸಿದ್ರಲ್ರೀ!"

ಕೊಟ್ಟ ದಾನವನ್ನು ವಾಪಸು ಕೇಳಲು ವಾಲ್ಟರ್ ಮನೆ ಬಾಗಿಲಿಗೆ ಹೋದೆ. ಅವರು ಟೇಪನ್ನು ಎಡ್ಡಿಯ ಫೋಟೋದ ಪಕ್ಕ ಇಟ್ಟಿದ್ದರು. ವಿಷಯ ಕೇಳಿ ಬೇಸರಿಸಲಿಲ್ಲ. ಟೇಪು ನಕಲು ಮಾಡಿಕೊಡುವ ಅಂಗಡಿಗೆ ತಾವೂ ಜೊತೆಗೆ ಬಂದರು. ಅಲ್ಲಿ ಎಡ್ಡಿಯನ್ನು ಹೊಸ ಟೇಪಿಗೆ ಇಳಿಸಿ ಅವರಿಗೆ ಕೊಟ್ಟರು. ಉಳಿದ ಷಷ್ಟ್ಯಬ್ದಿಯನ್ನು ಅಮೆರಿಕದ ಪದ್ಧತಿಗೆ ತಿರುಗಿಸಿ ನಮಗೆ ಕೊಟ್ಟರು.

ಮನೆಗೆ ತಂದು ಹಾಕಿದೆ. ಚಿತ್ರ ಬಂತು. ವೇದಿಕೆಯ ಮೇಲೆ ನಾನು ಮೈಕಿನ ಮುಂದೆ ಕಾಗದ ಮಡಚುತ್ತಿದ್ದೇನೆ, ಜನ ಚಪ್ಪಾಳೆ ತಟ್ಟುತ್ತಿದ್ದಾರೆ. ಆಮೇಲೆ ಹೋಮ, ಮಾಲೆ, ಊಟ, ಎಲ್ಲ ಇತ್ತು. ಇಲ್ಲಿನ ಮೆಷಿನ್ನು ಟೇಪನ್ನು ಬೇಗ ಓಡಿಸುವುದರಿಂದ ಹತ್ತು ನಿಮಿಷದ ರೆಕಾರ್ಡಿಂಗು ಅಲ್ಲಿನ ಕಾಲು ಗಂಟೆಯನ್ನು ನುಂಗಿತ್ತು; ಹೋಗಿದ್ದು ಹಿರಿಯ ಅಳಿಯನಾಗಿ ನಾನು ಕಾಲು ಗಂಟೆ ಮಾಡಿದ ಸ್ವಾಗತ ಭಾಷಣ ಮಾತ್ರ. ಮೂರು ದಿನ ಕೂತು ಬರೆದದ್ದು!

ಅತ್ತೆಗೆ ಸಮಾಧಾನವಾಯಿತು. ನನಗಾಗಲಿಲ್ಲ. ಮುಖ್ಯವಾದದ್ದೇ ಹೋಯಿತಲ್ಲ ಎಂದೆ.

"ಆ ಹುಡುಗ ಬಾಯೇ ಬಿಡ್ಲಿಲ್ಲ, ನಾಲ್ಕು ಸೆಕೆಂಡು ಆಲೂಗಡ್ಡೆ ಸುಲಿದ. ಅಷ್ಟಕ್ಕೇ ಎಲ್ಲರ ಕಣ್ಣಲ್ಲೂ ನೀರು ಬಂತು," ಎಂದರು ಅತ್ತೆ. "ನೀವು ಕಾಲು ಗಂಟೆ ಮಾತಾಡಿದ್ರಿ..."

ವಾಕ್ಯವನ್ನು ಅಲ್ಲಿಗೇ ನಿಲ್ಲಿಸಿ ಒಳಗೆ ಹೋದರು. ಎಷ್ಟಾದರೂ ಅಳಿಯನಲ್ಲವೇ, ಅಷ್ಟು ಮರ್ಯಾದೆ ಕೊಟ್ಟರು.